ಮಣ್ಣೂರಿನಲ್ಲಿ ಬಾಗಿಲು ಮುಚ್ಚಿಕೊಂಡ ಕಾರು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆಳಂದ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದೆ. ಖಜೂರಿಯ ಲಾರಿ ಡ್ರೈವರುಗಳು ಇವತ್ತಿಗೂ ನನ್ನನ್ನು ಕಂಡರೆ ಬೀಡಿ ಬಿಸಾಕುತ್ತಾರೆ, ಯಾಕೆಂದರೆ ಅವರ ಕಿವಿ ಹಿಂಡಿದವಳು ನಾನೇ. ಆದರೆ ಆ ದಿನದ ಬಗ್ಗೆ ಬರೆಯಲು ಕುಳಿತರೆ ಸಿಟ್ಟಿಗಿಂತ ಮೊದಲು ಹೆದರಿಕೆ ಬರುತ್ತದೆ. ನಿಂತ ಕಾರು ಕಂಡರೆ ಸಾಕು, ಒಳಗೆ ಯಾರಾದರೂ ಇದ್ದಾರೇನೋ ಎಂದು ಬಗ್ಗಿ ನೋಡುತ್ತೇನೆ. ಬಸ್ ಸ್ಟ್ಯಾಂಡಿನ ಹತ್ತಿರ ಯಾರದೋ ಕಾರಿನ ಗಾಜಿಗೆ ಹಣೆ ಹಚ್ಚಿ ನೋಡಲು ಹೋಗಿ ಒಂದು ಸಲ ಬೈಸಿಕೊಂಡೂ ಇದ್ದೇನೆ.

ಕಾರು ನನ್ನದಲ್ಲ, ತಮ್ಮನದು. ಅವನಿಗೆ ಆಳಂದದಲ್ಲಿ ತೊಗರಿಬೇಳೆ ಮಿಲ್ಲು ಇದೆ. ಅವ್ವನೂ ನಾನೂ ಅವನ ಮನೆಯಲ್ಲೇ ಇರುವುದು. ಎರಡು ವರ್ಷದ ಹಿಂದೆ ಅವನು ಯಾವುದೋ ದೊಡ್ಡ ಕಂಪನಿಯ ಕರೆಂಟಿನ ಕಾರು ತಂದಾಗ ಇಡೀ ಓಣಿ ನೋಡಲು ಬಂತು. ಬೆನ್ನು ಒತ್ತುವ ಸೀಟು, ಗಾಜಿನ ಮಾಳಿಗೆ, ಈ ಕಡೆಯಿಂದ ಆ ಕಡೆಯವರೆಗೂ ಒಂದೇ ಪರದೆ. ಬಾಗಿಲಿನ ಹಿಡಿಕೆ ಕೂಡ ಹೊರಗೆ ಕಾಣುತ್ತಿರಲಿಲ್ಲ. ತಮ್ಮ ಕಾರಿನ ಹತ್ತಿರ ಹೋದರೆ ತಾನಾಗಿ ಹೊರಗೆ ಬರುತ್ತಿತ್ತು, ದೂರ ಹೋದರೆ ಮತ್ತೆ ಒಳಗೆ ಸೇರಿಕೊಳ್ಳುತ್ತಿತ್ತು. ಅವ್ವ ಅದನ್ನು ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು.

ಇಷ್ಟೆಲ್ಲ ಇದ್ದ ಕಾರಿನಲ್ಲಿ ಫೋನಿನ ನಕ್ಷೆ ಮಾತ್ರ ಪರದೆಗೆ ಬರುತ್ತಿರಲಿಲ್ಲ. ಮಣ್ಣೂರಿನಲ್ಲಿರುವ ಸೋದರಮಾವನ ಮಗ ಎಂದೋ ಕೊಂಡ ಸಣ್ಣ ಪೆಟ್ರೋಲ್ ಕಾರಿನಲ್ಲಿ ಕೂಡ ಅದು ಬರುತ್ತದೆ, ಹಾಡು ಬರುತ್ತದೆ, ಕರೆ ಬರುತ್ತದೆ. ಈ ಮಹಾರಾಜನಿಗೆ ಮಾತ್ರ ಫೋನು ಬೇಡ, ತನ್ನದೇ ನಕ್ಷೆ ಸಾಕಂತೆ! ಆ ನಕ್ಷೆಗೋ ಹೈವೇ ಬಿಟ್ಟರೆ ಬೇರೆ ದಾರಿ ಗೊತ್ತಿಲ್ಲ. ಅಫಜಲಪುರಕ್ಕೆ ಹೊರಟರೆ ಕಲಬುರಗಿ, ಚೌಡಾಪುರ ಎಲ್ಲ ಸುತ್ತಿಸಿ ಕರೆದುಕೊಂಡು ಹೋಗುತ್ತಿತ್ತು. ಕೊನೆಗೆ ತಮ್ಮ, ಬೇಳೆ ಸ್ಯಾಂಪಲ್ ಚೀಲಕ್ಕೆ ಹಾಕುವ ರಬ್ಬರ್ ಬ್ಯಾಂಡಿನಿಂದ ಫೋನನ್ನು ಆ ಪರದೆಯ ಮೂಲೆಗೇ ಕಟ್ಟಿಬಿಟ್ಟ. ಊರಿನವರು ನಕ್ಕರು. ಅವನಿಗೆ ಅದೊಂದು ದೊಡ್ಡ ಅವಮಾನವಾಗಿತ್ತು. ಕಂಪನಿಗೆ ವಾರಕ್ಕೊಮ್ಮೆ ಫೋನು ಮಾಡಿ ಜಗಳ ಆಡುತ್ತಿದ್ದ. ಮುಂದಿನ ಅಪ್‌ಡೇಟ್‌ನಲ್ಲಿ ಬರುತ್ತದೆ ಎಂದು ಅವರು ಪ್ರತಿ ಸಲವೂ ಹೇಳುತ್ತಿದ್ದರು. ಆ ಅಪ್‌ಡೇಟಿನ ದಾರಿ ಕಾಯುವುದೇ ಅವನ ಕೆಲಸವಾಯಿತು.

ನನಗೆ ಆ ಕಾರಿನ ಭಯ ಹುಟ್ಟಿದ್ದು ಜೇವರ್ಗಿಯಲ್ಲಿ. ತಮ್ಮನ ಹೆಂಡತಿಯ ತವರು ಅದು. ಅಲ್ಲಿಂದ ವಾಪಸು ಬರುವಾಗ ಊರು ದಾಟುತ್ತಿದ್ದ ಹಾಗೆ ಪರದೆ ಕಪ್ಪಾಯಿತು. ವೇಗ ಎಷ್ಟೆಂದು ಕಾಣುವುದಿಲ್ಲ, ಎಸಿ ಇಲ್ಲ, ಗಾಜು ಇಳಿಯುವುದಿಲ್ಲ. ಎಲ್ಲದಕ್ಕೂ ಗುಂಡಿ ಆ ಪರದೆಯೊಳಗೇ ಇತ್ತು. ತಮ್ಮ ಹೇಗೋ ಬದಿಗೆ ನಿಲ್ಲಿಸಿ ಕಂಪನಿಗೆ ಫೋನು ಹಚ್ಚಿದ. ಸ್ಟಿಯರಿಂಗ್ ಮೇಲಿನ ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡಿಯಿರಿ ಎಂದರು. ಒತ್ತಿ ಹಿಡಿದ ಮೇಲೆ ಬೆಳಕು ಬಂತು. ಅಷ್ಟರಲ್ಲಿ ನನ್ನ ಬೆನ್ನೆಲ್ಲ ಬೆವರಾಗಿತ್ತು. ನಾನು ಇನ್ನು ಇದರಲ್ಲಿ ಕೂರುವುದಿಲ್ಲ ಎಂದು ರೇಗಿದೆ. ಅವ್ವ ನನ್ನನ್ನೇ ಗದರಿಸಿದಳು. ಮಗನ ಕಾರಿಗೆ ಒಂದು ಮಾತು ಅಂದರೆ ಅವಳು ಸಹಿಸುತ್ತಿರಲಿಲ್ಲ.

ಅವ್ವನಿಗೆ ಎಂಬತ್ತು ದಾಟಿತ್ತು. ಮೊಣಕಾಲು ನೋವು, ಕಿವಿ ಸ್ವಲ್ಪ ಮಂದ, ಆದರೆ ಬುದ್ಧಿ ಚುರುಕು. ಒಂದು ಸಂಜೆ ಮನೆ ಕಟ್ಟೆಯ ಮೇಲೆ ಕೂತು ತಮ್ಮ ಅವಳಿಗೆ ಫೋನು ತೋರಿಸುತ್ತಿದ್ದ. ಫೋನಿನೊಳಗೆ ಕಾರಿನ ಚಿತ್ರವಿತ್ತು. ಇಲ್ಲಿ ಒತ್ತಿದರೆ ಅಲ್ಲಿ ದೀಪ ಹೊತ್ತುತ್ತಿತ್ತು, ಬಾಗಿಲಿಗೆ ಖಟಕ್ಕನೆ ಲಾಕ್ ಬೀಳುತ್ತಿತ್ತು. ಅವ್ವ ಮೂಗಿನ ಮೇಲಿನ ಚಾಳೀಸು ಏರಿಸಿ ಬಗ್ಗಿ ನೋಡಿ ಕೇಳಿದಳು:

"ಒಳಗ ಯಾರು ಕುಂತಾರ ಅನ್ನೂದೂ ಇದ್ರಾಗ ಕಾಣತದೇನೋ ಯಪ್ಪಾ?"

ತಮ್ಮ ನಗುತ್ತ, "ಎಲ್ಲಾ ಕಾಣತದವ್ವ. ನೀ ಕುಂತಿದ್ರ ನೀನೂ ಕಾಣತಿ," ಅಂದ.

ನಾನು ಪಕ್ಕದಲ್ಲೇ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಅದು ಚೇಷ್ಟೆಯ ಮಾತು ಎಂದು ನನಗೆ ಗೊತ್ತಿತ್ತು. ಮಕ್ಕಳ ಕಾಗುಣಿತದ ಒಂದು ತಪ್ಪನ್ನೂ ಬಿಡದವಳು ಅಂದು ಸುಮ್ಮನೆ ನಕ್ಕೆ.

ಇನ್ನೊಂದು ಸಂಗತಿ ಹೇಳಬೇಕು. ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ಸ್ನಾನ ಮಾಡಿ, ಕೊರಳಿನ ಇಷ್ಟಲಿಂಗವನ್ನು ಎಡಗೈ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮುಗಿಸದೆ ಯಾರೂ ತುತ್ತು ಮುಟ್ಟುವುದಿಲ್ಲ. ಪೂಜೆಗೆ ಕೂತವರು ನಡುವೆ ಮಾತಾಡುವುದಿಲ್ಲ, ಅವರನ್ನು ಯಾರೂ ಕರೆಯುವುದೂ ಇಲ್ಲ. ಚಳಿಗಾಲದಲ್ಲೊಮ್ಮೆ ತಮ್ಮ ಹಾಗೆ ಕೂತಿದ್ದಾಗ ಮಗ್ಗುಲಲ್ಲಿದ್ದ ಫೋನು ಚೀರಿತು. ಚಾರ್ಜಿಂಗ್ ನಿಂತಿದೆ ಎಂದು ಕಾರೇ ಕಳಿಸಿದ ಸುದ್ದಿ. ತಮ್ಮ ಕಣ್ಣು ತೆರೆದು ನೋಡಿಬಿಟ್ಟ. ಅವ್ವ ಎರಡು ದಿನ ಅವನನ್ನು ಮಾತಾಡಿಸಲಿಲ್ಲ. ಮೂರನೆಯ ದಿನ ಅಪ್ಪಣೆ ಆಯಿತು:

"ಅಂಗೈಯಾಗ ಲಿಂಗ, ಕಣ್ಣು ಫೋನಿನ್ಯಾಗ. ಇನ್ನ ಮ್ಯಾಲ ಅದನ್ನ ಬಂದ್ ಮಾಡಿ ಹೊರಗ ಇಟ್ಟು ಬಾ. ಮನಿಗೆ ಬೆಂಕಿ ಬಿದ್ರೂ ನಾ ನಿನ್ನ ಕರ್ಯಂಗಿಲ್ಲ."

ಅಂದಿನಿಂದ ತಮ್ಮ ಪೂಜೆಗೆ ಕೂರುವ ಮೊದಲು ಫೋನು ಪೂರ್ತಿ ಆರಿಸಿ ಗೋಡೆಯ ಗೂಡಿನಲ್ಲಿ ಇಡುತ್ತಿದ್ದ.

ಆ ದಿನ ಬೇಸಿಗೆ ನೆತ್ತಿ ಸುಡುತ್ತಿತ್ತು. ಮಣ್ಣೂರಿನ ಸೋದರಮಾವನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಅವನನ್ನು ನೋಡಬೇಕೆಂದು ಅವ್ವ ಹಟ ಹಿಡಿದಳು. ತವರಿಗೆ ಹೋಗುವ ಸಂಭ್ರಮಕ್ಕೆ ರಾತ್ರಿ ನಿದ್ದೆಯೇ ಮಾಡಿರಲಿಲ್ಲ. ಬೆಳಗಾಗುವುದರೊಳಗೆ ಸ್ನಾನ, ಪೂಜೆ, ಉಪಾಹಾರ ಮುಗಿಸಿ, ಮಾವನಿಗೆಂದು ಶೇಂಗಾ ಹೋಳಿಗೆ ಕಟ್ಟಿಕೊಂಡು ಬಾಗಿಲಲ್ಲಿ ಕೂತಿದ್ದಳು. ತಮ್ಮನಿಗೆ ಮಿಲ್ಲಿನಲ್ಲಿ ಲಾರಿ ಬಂದದ್ದರಿಂದ ಪೂಜೆ ಆಗಿರಲಿಲ್ಲ. ಮಣ್ಣೂರಿಗೆ ಹೋಗಿಯೇ ಸ್ನಾನ ಮಾಡುತ್ತೇನೆ ಎಂದ. ನಾವು ಮೂವರೇ ಹೊರಟೆವು.

ಅಫಜಲಪುರ ದಾಟುವ ಮೊದಲೇ ಅವ್ವ ಹಿಂದಿನ ಸೀಟಿನಲ್ಲಿ ನಿದ್ದೆ ಹೋದಳು. ಮಾವನ ಓಣಿ ಇಕ್ಕಟ್ಟು. ಕಾರು ಒಳಗೆ ತಿರುಗಿಸಲು ಹೋದರೆ ಗೋಡೆ ಹತ್ತಿರವಾಯಿತೆಂದು ಅದು ನಾಲ್ಕೂ ಕಡೆಯಿಂದ ಪೀಂ ಪೀಂ ಎಂದು ಹೊಡೆದುಕೊಂಡಿತು. ಅದಕ್ಕೆ ಓಣಿಯ ಬಾಯಲ್ಲಿ, ಹಿಟ್ಟಿನ ಗಿರಣಿಯ ಎದುರಿನ ಬೇವಿನ ಮರದ ಕೆಳಗೆ ನಿಲ್ಲಿಸಿದ. ಅವ್ವನನ್ನು ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ. ಮಾವನ ಮನೆಯಲ್ಲಿ ಕರೆಂಟು ಬೇರೆ ಇರಲಿಲ್ಲ. ಕಾರಿನಲ್ಲಿ ತಂಪಿದೆ, ಹತ್ತು ನಿಮಿಷ ಮಲಗಲಿ ಎಂದು ತಮ್ಮ ಎಸಿ ಹಾಗೇ ನಡೆಯುವಂತೆ ಮಾಡಿದ. ಆಮೇಲೆ ನೀನು ಕರೆದುಕೊಂಡು ಬಾ ಎಂದ. ನಾನು ಹೂಂ ಅಂದೆ. ಆ ಹೂಂ ನನ್ನದು.

ಮನೆಯಲ್ಲಿ ಮಾವ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಹೊರಸಿನ ಮೇಲೆ ಕೂತಿದ್ದ. ದನಿ ಕೇಳಿಯೇ ನನ್ನ ಕೈ ಹಿಡಿದ. ಅಕ್ಕ ಎಲ್ಲಿ ಎಂದು ಕೇಳಿದ, ಬರುತ್ತಾಳೆ, ನಿದ್ದೆ ಹತ್ತಿದೆ ಎಂದೆ. ಅತ್ತೆ ನೀರು ಕೊಟ್ಟಳು, ಬೆಲ್ಲ ಕೊಟ್ಟಳು, ಆಸ್ಪತ್ರೆಯ ಕಥೆ ಶುರು ಮಾಡಿದಳು. ಮೂರು ವರ್ಷದ ಮಾತು ಬಾಕಿ ಇತ್ತು. ತಮ್ಮ ಫೋನಿಗೆ ಸಿಗ್ನಲ್ ಹುಡುಕುತ್ತ ಮಾಳಿಗೆ ಹತ್ತಿದ. ಇಳಿದು ಬರುವಾಗ ಅವನ ಮುಖ ಅರಳಿತ್ತು. ಅಂತೂ ಬಂತು ಅಕ್ಕ, ವಾಪಸು ಹೋಗುವಾಗ ನಕ್ಷೆ ಪರದೆ ಮೇಲೇ ನೋಡು ಎಂದು ಹೇಳಿ, ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದ. ಏನು ಬಂತು ಎಂದು ನಾನು ಕೇಳಲಿಲ್ಲ. ಅತ್ತೆ ಹೇಳುತ್ತಿದ್ದ ಮಾತಿನಲ್ಲೇ ನನ್ನ ಕಿವಿ ಇತ್ತು. ಅಷ್ಟು ಹೊತ್ತಿಗೆ ನಾನು ಅವ್ವನನ್ನು ಕರೆತಂದಿರುತ್ತೇನೆ ಎಂದು ಅವನು ತಿಳಿದಿದ್ದ. ಅವ್ವ ತಂಪಿನಲ್ಲಿ ಮಲಗಿದ್ದಾಳೆ ಎಂದು ನಾನು ತಿಳಿದಿದ್ದೆ.

ಅವನು ಸ್ನಾನ ಮಾಡಿ ದೇವರ ಕೋಣೆಗೆ ಹೋದ. ಫೋನು ಆರಿಸಿ ಗೂಡಿನಲ್ಲಿಟ್ಟದ್ದನ್ನು ನಾನೇ ನೋಡಿದೆ. ಅತ್ತೆ ರೊಟ್ಟಿ ಬಡಿಯಲು ಎದ್ದಳು. ಆಗ ನಾನು ಒಂದು ತಂಬಿಗೆ ಮಜ್ಜಿಗೆ ಹಿಡಿದುಕೊಂಡು ಅವ್ವನನ್ನು ಕರೆಯಲು ಹೊರಟೆ. ಅರ್ಧ ಗಂಟೆ ಕಳೆದುಹೋಗಿತ್ತು.

ಓಣಿ ದಾಟುತ್ತಲೇ ಕಂಡದ್ದು ನೆರಳು. ಬೇವಿನ ನೆರಳು ಸರಿದು ಗಿರಣಿಯ ಗೋಡೆಗೆ ಹೋಗಿತ್ತು. ಕಾರು ಪೂರ್ತಿ ಬಿಸಿಲಿನಲ್ಲಿತ್ತು. ಹತ್ತಿರ ಹೋದರೆ ಸದ್ದೇ ಇಲ್ಲ. ಎಸಿ ನಡೆಯುವಾಗ ಮುಂದಿನಿಂದ ಬರುವ ಗುಂಯ್ ಎನ್ನುವ ಸಪ್ಪಳ ಇರಲಿಲ್ಲ. ಗಾಜಿನ ಮೇಲೆ ಕೈ ಇಟ್ಟೆ, ಕಾದ ಹೆಂಚು ಮುಟ್ಟಿದಂತೆ ಸುಟ್ಟಿತು. ಮುಂದಿನ ಗಾಜಿನಿಂದ ನೋಡಿದರೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು, ಅಪ್‌ಡೇಟ್ ನಡೆಯುತ್ತಿದೆ, ಇನ್ನೂ ಮೂವತ್ತೆಂಟು ನಿಮಿಷ, ಅಲ್ಲಿಯವರೆಗೆ ವಾಹನ ಬಳಸಲಾಗದು. ತಂಬಿಗೆ ಎಲ್ಲಿ ಬಿತ್ತೋ ಗೊತ್ತಿಲ್ಲ.

ಬಾಗಿಲು ಎಳೆಯಲು ಹಿಡಿಕೆ ಇಲ್ಲ. ಅದು ಒಳಗೆ ಸೇರಿಕೊಂಡಿತ್ತು. ಬಾಗಿಲ ಮೇಲೆ ಉಗುರು ಮುರಿಯುವ ಹಾಗೆ ಕೆರೆದೆ. ಹಿಂದಿನ ಗಾಜು ಕಪ್ಪು. ಎರಡೂ ಕೈ ಮರೆ ಮಾಡಿ ಹಣೆ ಹಚ್ಚಿ ನೋಡಿದೆ.

ಅವ್ವ ಮಲಗಿರಲಿಲ್ಲ. ಕೂತಿದ್ದಳು. ಕಣ್ಣು ಮುಚ್ಚಿತ್ತು. ಸೆರಗು ತೊಯ್ದು ಮೈಗೆ ಅಂಟಿತ್ತು. ಎಡಗೈ ತೊಡೆಯ ಮೇಲಿತ್ತು, ಅಂಗೈಯಲ್ಲಿ ಲಿಂಗವಿತ್ತು.

ಬೆಳಿಗ್ಗೆ ಆಳಂದದಲ್ಲೇ ಪೂಜೆ ಮುಗಿಸಿದ್ದ ಅವ್ವ ಮತ್ತೆ ಯಾಕೆ ಲಿಂಗ ತೆಗೆದುಕೊಂಡಳು? ನಮ್ಮಲ್ಲಿ ಜೀವ ಹೋಗುವ ಹೊತ್ತಿಗೆ ಅಂಗೈಯಲ್ಲಿ ಲಿಂಗ ಇಡುತ್ತಾರೆ. ಅಪ್ಪನಿಗೆ ಹಾಗೆ ಇಟ್ಟವಳು ಅವ್ವನೇ. ಅದು ನೆನಪಾದದ್ದೇ ತಡ, ಅವ್ವಾ ಎಂದು ಗಾಜು ಬಡಿದೆ. ಕಣ್ಣು ತೆರೆಯಲಿಲ್ಲ. ಪೂಜೆಯಲ್ಲಿ ಇದ್ದಾಳೋ, ಹೋಗಿಬಿಟ್ಟಿದ್ದಾಳೋ? ಪೂಜೆಯಲ್ಲಿದ್ದರೆ ಅವಳು ಯಾರು ಕರೆದರೂ ಓಗೊಡುವುದಿಲ್ಲ. ಅದು ಅವಳದೇ ನೇಮ. ಎದೆ ಏರಿಳಿಯುತ್ತದೆಯೇ ಎಂದು ನೋಡಿದರೆ ನನ್ನ ಉಸಿರಿನಿಂದಲೇ ಗಾಜು ಮಬ್ಬಾಗುತ್ತಿತ್ತು. ಸೆರಗಿನಿಂದ ಒರೆಸುವುದು, ಮತ್ತೆ ನೋಡುವುದು. ಅಷ್ಟು ಭಯ ನಾನು ನನ್ನ ಜನ್ಮದಲ್ಲಿ ಪಟ್ಟಿಲ್ಲ.

ಕೂಗು ಕೇಳಿ ಗಿರಣಿಯವನು ಹಿಟ್ಟು ಮೆತ್ತಿದ ಮೈಯಲ್ಲೇ ಓಡಿ ಬಂದ. ನಾಲ್ಕು ಜನ ಸೇರಿದರು. ಗಾಜಿನ ಮೂಲೆಯಲ್ಲಿ ಕಂಪನಿಯ ಸಹಾಯವಾಣಿ ನಂಬರು ಅಂಟಿಸಿದ್ದರು. ಆ ನಂಬರಿಗೆ ಹಚ್ಚಿದೆ. ಮೊದಲು ಹಾಡು, ಆಮೇಲೆ ಒಂದು ಒತ್ತಿ ಎರಡು ಒತ್ತಿ, ಆಮೇಲೆ ಒಬ್ಬ ಬಹಳ ಮರ್ಯಾದೆಯ ಹುಡುಗ. ನೀವು ಮಾಲೀಕರೇ ಎಂದು ಕೇಳಿದ. ಅಲ್ಲ, ಅವರ ಅಕ್ಕ, ನಮ್ಮ ಅವ್ವ ಒಳಗಿದ್ದಾಳೆ ಎಂದು ಅಳುತ್ತ ಹೇಳಿದೆ. ಮಾಲೀಕರ ಫೋನಿಗೆ ಒಟಿಪಿ ಕಳಿಸಿದ್ದೇನೆ, ಅದನ್ನು ಹೇಳಿ ಎಂದ. ಒಟಿಪಿ ಹೋದ ಫೋನು ಮಾವನ ಮನೆಯ ಗೂಡಿನಲ್ಲಿ ಆರಿ ಕೂತಿತ್ತು. ನಾನು ಆ ಹುಡುಗನಿಗೆ ಅಂದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಗಾಜು ಒಡೆಯಿರಿ ಎಂದು ಗಿರಣಿಯವನಿಗೆ ಹೇಳಿದೆ. ಅವನು ಗಿರಣಿಯಿಂದ ಹಾರೆ ತಂದ. ತಂದವನು ಕಾರನ್ನೊಮ್ಮೆ ನೋಡಿ ನಿಂತುಬಿಟ್ಟ. "ಅಕ್ಕೋರೇ, ಬಾಳ ದೊಡ್ಡ ಗಾಡಿ ಅದರಿ. ಮಾಲಕರಿಗೆ ಒಂದು ಮಾತು ಕೇಳೂಣ್ರಿ," ಅಂದ.

ಹಾರೆ ಕಸಿದು ನಾನೇ ಹೊಡೆದೆ. ಗಾಜು ಒಡೆಯಲಿಲ್ಲ, ಬಿರುಕು ಬಿಟ್ಟು ಬೆಳ್ಳಗಾಯಿತು, ಅಷ್ಟೇ. ಹೊರಗಿನ ಸದ್ದು ಒಳಗೆ ಬಾರದಿರಲೆಂದು ಎರಡು ಪದರದ ಗಾಜು ಹಾಕಿದ್ದಾರೆಂದು ತಮ್ಮ ಹೆಮ್ಮೆಯಿಂದ ಹೇಳಿದ್ದು ಆಗ ನೆನಪಾಯಿತು. ಈಗ ಅವ್ವನ ಮುಖವೂ ಕಾಣದಾಯಿತು. ಗಿರಣಿಯವನ ಕೈಗೆ ಹಾರೆ ತುರುಕಿ, ಕೇಳುವುದು ಬೇಡ, ಹೊಡೆ ಎಂದು ಚೀರಿ, ಮನೆಯ ಕಡೆ ಓಡಿದೆ.

ದೇವರ ಕೋಣೆಯಲ್ಲಿ ತಮ್ಮ ಕಣ್ಣು ಮುಚ್ಚಿ ಕೂತಿದ್ದ. ಎರಡು ಸಲ ಹೆಸರು ಹಿಡಿದು ಕರೆದೆ. ಕದಲಲಿಲ್ಲ. ಅವ್ವನ ಅಪ್ಪಣೆಯನ್ನು ಅವನು ಪಾಲಿಸುತ್ತಿದ್ದ. ಹೊಸಿಲು ದಾಟಿ ಒಳಗೆ ಹೋಗಿ ಅವನ ಭುಜ ಹಿಡಿದು ಅಲುಗಿಸಿದೆ.

"ಅವ್ವ ಗಾಡಿಯಾಗೇ ಅದಾಳೋ. ಗಾಡಿ ಬಂದ್ ಆಗ್ಯಾದ."

ಅವನು ನನ್ನ ಮುಖ ನೋಡಿದ. ಆ ನೋಟ ನನಗೆ ಸಾಯುವವರೆಗೂ ಮರೆಯುವುದಿಲ್ಲ. ಲಿಂಗವನ್ನು ವಸ್ತ್ರದಲ್ಲಿ ಕಟ್ಟಲೂ ಪುರಸೊತ್ತು ಇಲ್ಲದೆ, ಎಡಗೈ ಮುಷ್ಟಿಯಲ್ಲಿ ಅದನ್ನು ಎದೆಗೆ ಒತ್ತಿ ಹಿಡಿದು, ಬಲಗೈಯಲ್ಲಿ ಗೂಡಿನ ಫೋನು ತೆಗೆದುಕೊಂಡು ಬರಿಗಾಲಲ್ಲಿ ಓಡಿದ. ಓಡುತ್ತಲೇ ಫೋನು ಹೊತ್ತಿಸಿದ. ಅದು ತನ್ನ ಚಿತ್ರ ತೋರಿಸುತ್ತ, ನಮಸ್ಕಾರ ಹೇಳುತ್ತ ನಿಧಾನವಾಗಿ ಎದ್ದಿತು. ಕಾರಿನ ಬಾಗಿಲು ತೆರೆ ಎಂದು ಒತ್ತಿದ. ಅಪ್‌ಡೇಟ್ ನಡೆಯುತ್ತಿದೆ, ನಂತರ ಪ್ರಯತ್ನಿಸಿ ಎಂದು ಬಂತು. ಮತ್ತೆ ಒತ್ತಿದ, ಮತ್ತೆ ಅದೇ. ಫೋನನ್ನು ನೆಲಕ್ಕೆ ಬೀಸಿ ಒಗೆದು ಗಾಜಿಗೆ ಮುಷ್ಟಿಯಿಂದ ಗುದ್ದತೊಡಗಿದ.

ಗಿರಣಿಯವನು ಅಷ್ಟು ಹೊತ್ತಿಗೆ ಗಾಜಿನ ಒಂದು ಮೂಲೆ ಒಡೆದಿದ್ದ. ಅಲ್ಲಿಂದ ಹಾರೆ ಹಾಕಿ ಮೀಟಿ, ಗಾಜನ್ನು ಇಡಿಯಾಗಿ ಹೊರಗೆ ಮಡಚಿದರು. ಒಳಗಿನ ಬಿಸಿ ಮುಖಕ್ಕೆ ಬಡಿಯಿತು. ಅತ್ತೆ ಕೌದಿ ತಂದು ಚೂಪು ಅಂಚಿಗೆ ಹಾಸಿದಳು. ತಮ್ಮ ಅರ್ಧ ಮೈ ಒಳಗೆ ತೂರಿಸಿ, ಒಳಗಿನ ಗುಂಡಿಗೂ ಬಾಗಿಲು ತೆರೆಯದಾದಾಗ, ಅವ್ವನನ್ನು ಎತ್ತಿದ, ನಾವು ಹೊರಗೆ ಎಳೆದುಕೊಂಡೆವು. ಅವಳ ತೂಕವೇ ಇರಲಿಲ್ಲ. ಮೈ ಕೆಂಡವಾಗಿತ್ತು. ಬೆರಳು ಮಾತ್ರ ಲಿಂಗದ ಸುತ್ತ ಬಿಗಿಯಾಗಿದ್ದವು. ಆ ಬಿಗಿ ನೋಡಿಯೇ ನನಗೆ ಜೀವ ಬಂತು.

ಮಾವನ ಮಗ ತನ್ನ ಸಣ್ಣ ಕಾರು ತಂದ. ಅವ್ವನ ತಲೆ ನನ್ನ ತೊಡೆಯ ಮೇಲೆ. ಒದ್ದೆ ಬಟ್ಟೆ ಹಾಕುವುದು, ಬಿಸಿಯಾದರೆ ತೆಗೆಯುವುದು, ಮತ್ತೆ ಹಾಕುವುದು. ಮುಂದೆ ತಮ್ಮ ಒಂದೇ ಸಮನೆ ಅಳುತ್ತಿದ್ದ. ಮಾವನ ಮಗ ಕಾರು ಚಾಲೂ ಮಾಡಿದ್ದೇ ಅವನ ಫೋನಿನ ನಕ್ಷೆ ತಾನಾಗಿ ಆ ಸಣ್ಣ ಪರದೆಗೆ ಬಂತು. ಅಫಜಲಪುರದ ಆಸ್ಪತ್ರೆಗೆ ಹೋಗುವ ದಾರಿ ಎಲ್ಲರಿಗೂ ಗೊತ್ತಿತ್ತು, ನಕ್ಷೆ ಯಾರಿಗೂ ಬೇಕಿರಲಿಲ್ಲ. ತಮ್ಮ ಅದನ್ನೇ ನೋಡುತ್ತ ಕೂತಿದ್ದ.

ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿದರು, ಮೈಯೆಲ್ಲ ಒದ್ದೆ ಮಾಡಿ ಫ್ಯಾನು ಹಾಕಿದರು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಹೊರಗಿನ ಬೆಂಚಿನ ಮೇಲೆ ಕೂತು, ಮಾವನ ಮಾಳಿಗೆಯ ಮೇಲೆ ನಡೆದದ್ದನ್ನು ತಮ್ಮ ಹೇಳಿದ. ಅಪ್‌ಡೇಟ್ ಶುರು ಮಾಡುವ ಮೊದಲು, ಕಾರಿನಲ್ಲಿ ಯಾರೂ ಇಲ್ಲ ಎಂಬುದು ಖಾತ್ರಿಯೇ ಎಂದು ಫೋನು ಇಂಗ್ಲಿಷಿನಲ್ಲಿ ಕೇಳಿತ್ತಂತೆ. ಓದದೆ ಹೌದು ಎಂದು ಒತ್ತಿದ್ದನಂತೆ. ಸಂಜೆ ಒಡೆದ ಫೋನಿಗೆ ಕಂಪನಿಯ ಸಂದೇಶವೂ ಬಂತು, ಅಪ್‌ಡೇಟ್ ಯಶಸ್ವಿ ಎಂದು. ಏನೇನು ಹೊಸತು ಬಂದಿದೆ ಎಂಬ ಪಟ್ಟಿಯಲ್ಲಿ ಸೀಟಿನ ದೀಪದ ಬಣ್ಣವಿತ್ತು, ಹಾರ್ನಿನ ಹೊಸ ದನಿಯಿತ್ತು. ಅವನು ಕಾಯುತ್ತಿದ್ದ ನಕ್ಷೆ ಅದರಲ್ಲಿ ಇರಲೇ ಇಲ್ಲ. ಇಷ್ಟಕ್ಕೆ ಅವ್ವನನ್ನು ಸುಡುತ್ತಿದ್ದರಲ್ಲ!

ಹೊತ್ತು ಮುಳುಗುವ ಮುಂಚೆ ಅವ್ವ ಕಣ್ಣು ತೆರೆದಳು. ಮೊದಲು ಕೊರಳು ಮುಟ್ಟಿ ನೋಡಿಕೊಂಡಳು. ಲಿಂಗವನ್ನು ನಾನು ಕಟ್ಟಿದ್ದೆ. ಒಂದೆರಡು ಚಮಚ ನೀರು ಕುಡಿದಳು. ಭಯ ಇಳಿದ ಮೇಲೆ ನನ್ನ ಸಿಟ್ಟು ತಿರುಗಿ ಬಂತು, ಬಂದದ್ದು ಅವಳ ಮೇಲೆಯೇ. ಅಷ್ಟು ಸೆಕೆ ಆಗುವಾಗ ಗಾಜಾದರೂ ಬಡಿಯಬಾರದಿತ್ತೇ, ಚೀರಬಾರದಿತ್ತೇ, ಗಿರಣಿ ಎದುರಿಗೇ ಇತ್ತಲ್ಲ ಎಂದು ದಬಾಯಿಸಿದೆ.

ಅವಳು ನನ್ನ ಕಡೆ ನೋಡಲಿಲ್ಲ. ಕಾಲ ಬಳಿ ನಿಂತಿದ್ದ ತಮ್ಮನನ್ನು ನೋಡಿದಳು.

"ಖಟಕ್ ಅಂತ. ತಂಪು ನಿಂತ್ತು. ನೀನೇ ಏನೋ ಒತ್ತೀದಿ ಅನ್ಕೊಂಡೆ. ನಾ ಕಾಣಾಕತ್ತೇನಿ, ಬರ್ತಾನ, ಯಾಕ ಬಡೀಬೇಕು ಅಂತ ಸುಮ್ನ ಕುಂತೆ. ಬಾಳ ಹೊತ್ತಾದ ಮ್ಯಾಲ ಲಿಂಗ ತಗೊಂಡೆ." ಸ್ವಲ್ಪ ಉಸಿರು ತೆಗೆದುಕೊಂಡಳು. "ನಾ ಒಳಗ ಕುಂತಿದ್ದು ನಿನ್ನ ಫೋನಿನ್ಯಾಗ ಕಾಣಲಿಲ್ಲೇನೋ ಯಪ್ಪಾ?"

ಅಂದು ಕಟ್ಟೆಯ ಮೇಲೆ ಈ ಮಾತಿಗೆ ನಕ್ಕವರು ನಾವಿಬ್ಬರೇ. ಈಗ ಇಬ್ಬರೂ ಸಲೈನ್ ಬಾಟಲಿ ನೋಡುತ್ತ ನಿಂತೆವು.